ಚಿತ್ತಾಪುರದ ನಾಗಾವಿ, ಶಹಾಬಾದಿನ ಫರಸಿ

ಕಲಬುರಗಿ ಜಿಲ್ಲೆಯ ಕಾಗಿಣಾ ನದಿ ತೀರದ ಊರುಗಳ ಬಗ್ಗೆ ಓದುತ್ತ ಬರೆಯುತ್ತ ನಾನು ಕಲಿತದ್ದು ಇಷ್ಟು: ಒಂದೇ ಹೆಸರಿನ ಎರಡು ಊರುಗಳಿದ್ದರೆ ದಾರಿ ತಪ್ಪುವ ಪ್ರಯಾಣಿಕನಿಗಿಂತ ಹೆಚ್ಚು ನಷ್ಟ ಪಾಲು ತಪ್ಪುವ ಊರಿಗೆ. ಹೆಸರು ಮರುಕಳಿಸುವುದು ಸಹಜವೇ. ವಾಡಿ ಎಂದರೆ ಸಣ್ಣ ವಸತಿ. ಚಿಂಚ ಎಂದರೆ ಮರಾಠಿಯಲ್ಲಿ ಹುಣಸೆ, ಹಾಗಾಗಿ ಮಹಾರಾಷ್ಟ್ರದ ತುಂಬ ಚಿಂಚೋಳಿಗಳಿವೆ. ಶಹಾಬಾದ್ ಇಲ್ಲಷ್ಟೇ ಅಲ್ಲ, ಹರಿಯಾಣದಲ್ಲಿದೆ, ಉತ್ತರ ಪ್ರದೇಶದಲ್ಲಿದೆ; ಬಿಹಾರದಲ್ಲಿ 1972ರವರೆಗೆ ಒಂದು ಜಿಲ್ಲೆಯ ಹೆಸರೇ ಅದಾಗಿತ್ತು. ಸೇಡಂನ ಕಥೆ ಉಲ್ಟಾ: ಊರು ಒಂದೇ, ಆದರೆ ರೈಲ್ವೆಯ ಇಂಗ್ಲಿಷ್ ಬರಹದಲ್ಲಿ ಅದು ‘ಸೇರಂ’.

ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕೆ, 1972ರಿಂದ ಪಿನ್ ಕೋಡ್ ಇದೆ, ನಿಲ್ದಾಣಕ್ಕೊಂದು ಸಂಕೇತವಿದೆ ಎಂದು ಕೇಳಬಹುದು. ಕಾಗದ, ಸರಕು ತಲುಪಿಸಲು ಅವು ಸಾಕು, ನಿಜ. ಆದರೆ ನಾಗಾವಿಯನ್ನು ತೆಗೆದುಕೊಳ್ಳಿ. ಗದಗಿನ ಬಳಿಯ ನಾಗಾವಿಯಲ್ಲಿ ಇವತ್ತು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಚಿತ್ತಾಪುರದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. 1058ರ ಶಾಸನ ಅಲ್ಲಿ ವೇದ ಓದುವ ಇನ್ನೂರು ವಿದ್ಯಾರ್ಥಿಗಳನ್ನು, ಗ್ರಂಥ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನು ಹೇಳುತ್ತದೆ. ಎರಡೂ ನಾಗಾವಿ, ಎರಡೂ ವಿದ್ಯೆಯ ನೆಲೆ. ಬರೀ ‘ನಾಗಾವಿ’ ಎಂದು ಬರೆದರೆ ಓದುಗನ ಮನಸ್ಸು ಈಗ ಸುದ್ದಿಯಲ್ಲಿರುವ ಊರಿಗೇ ಹೋಗುತ್ತದೆ, ಆ ಆರು ಮಂದಿ ಭಂಡಾರಿಗರು ಸದ್ದಿಲ್ಲದೆ ಗದಗಿನವರಾಗಿಬಿಡುತ್ತಾರೆ. ಯಾವ ಪಿನ್ ಕೋಡ್ ಇದನ್ನು ತಡೆಯುತ್ತದೆ? ಶಾಸನ ಬರೆಸಿದವರಿಗೆ ಈ ತೊಡಕು ಗೊತ್ತಿತ್ತೆಂದು ನನಗನಿಸುತ್ತದೆ. ಬೆಳ್ವೊಲ-300, ಬನವಾಸಿ-12000 ಎಂದು ನಾಡಿಗೆ ಅಂಕಿ ಕಟ್ಟಿ, ಊರನ್ನು ಅದರೊಳಗಿಟ್ಟು ಹೇಳುವುದು ಅವರ ರೂಢಿ.

ಶಹಾಬಾದಿನ ಕಲ್ಲಿನ ವಿಷಯ ಇದಕ್ಕಿಂತ ತೊಡಕಿನದು. ಆ ಕಲ್ಲು ಸಿಗುವ ಭೀಮಾ ಕೊಳ್ಳದ ಸುಣ್ಣಕಲ್ಲಿನ ಪದರಕ್ಕೆ ಭೂವಿಜ್ಞಾನಿಗಳು ಶಹಾಬಾದ್ ಎಂದೇ ಹೆಸರಿಟ್ಟಿದ್ದಾರೆ. ಆದರೆ ಪದರ ಶಹಾಬಾದಿಗೆ ನಿಲ್ಲದೆ ವಾಡಿ, ಚಿತ್ತಾಪುರ, ಸೇಡಂ ಕಡೆಗೂ ಹರಡಿದೆ. ಅಲ್ಲಿ ಎದ್ದ ನೆಲಹಾಸಿನ ಕಲ್ಲು, ಅಂದರೆ ಫರಸಿಯೂ, ಪೇಟೆಗೆ ಬಂದಾಗ ಶಹಾಬಾದಿ. ಒಂದೇ ಹೆಸರಿದ್ದರೆ ಎಲ್ಲರಿಗೂ ಗಿರಾಕಿ ಸಿಗುತ್ತಾರೆ, ಒಡೆದರೆ ಯಾರಿಗೂ ಇಲ್ಲ ಎನ್ನುವ ವ್ಯಾಪಾರಿಯ ಮಾತನ್ನು ನಾನು ತಳ್ಳಿಹಾಕಲಾರೆ. ಹೆಸರು ಗಳಿಸಲು ತಲೆಮಾರುಗಳೇ ಬೇಕು. ಅದೇ ಸುಣ್ಣಕಲ್ಲನ್ನು ಅರೆದು ಮಾರುವ ಸಿಮೆಂಟ್ ಕಂಪನಿಗೆ ಚೀಲದ ಮೇಲೆ ತನ್ನದೇ ಹೆಸರಿದೆ. ಬಿಸಿಲಲ್ಲಿ ಉಳಿ ಹಿಡಿದು ಪದರ ಬಿಡಿಸುವವನಿಗೆ ಇರುವುದು ಊರಿನ ಹೆಸರೊಂದೇ, ಅದೂ ಎಷ್ಟೋ ಸಲ ಪಕ್ಕದ ಊರಿನದು.

ಹಾಗೆಂದು ಹೆಸರು ಬದಲಿಸಿ ಎನ್ನುವವರ ಜೊತೆ ನಾನಿಲ್ಲ. 2014ರಲ್ಲಿ ಗುಲ್ಬರ್ಗ ಕಲಬುರಗಿ ಆದದ್ದು ಜನರ ಬಾಯಲ್ಲಿದ್ದ ಹೆಸರೇ ಕಾಗದಕ್ಕೆ ಮರಳಿದ್ದು. ಗೊಂದಲ ತಪ್ಪಿಸಲೆಂದು ಹೊಸ ಹೆಸರು ಕಟ್ಟುವುದು ಬೇರೆ ಮಾತು. ಬೇಕಿರುವುದು ಹೆಸರಿನ ಹಿಂದೆ ಒಂದು ಷಷ್ಠಿ ವಿಭಕ್ತಿ ಮಾತ್ರ: ಚಿತ್ತಾಪುರದ ನಾಗಾವಿ, ಕಲಬುರಗಿಯ ಚಿಂಚೋಳಿ. ಫರಸಿಯ ಬಿಲ್ಲಿನಲ್ಲಿ ‘ಶಹಾಬಾದಿ’ ಇರಲಿ, ಕೆಳಗೆ ಗಣಿಯ ಊರಿಗೂ ಒಂದು ಸಾಲು ಇರಲಿ.