ಆಶ್ರಯ ಬೇಡುವ ಪರದೇಶಿಯೂ ನಮ್ಮ ನ್ಯಾಯಸ್ಥಾನಗಳೂ



ನಮ್ಮ ದೇವನಹಳ್ಳಿ ತಾಲ್ಲೂಕಿನಲ್ಲಿ ೨೦೦೮ನೆಯ ಇಸವಿಯಿಂದ ದೊಡ್ಡ ವಿಮಾನ ನಿಲ್ದಾಣವುಂಟು. ಪರದೇಶಗಳಿಂದ ಕರ್ನಾಟಕಕ್ಕೆ ಬರುವವರಲ್ಲಿ ಬಹು ಮಂದಿ ಮೊದಲು ಕಾಲಿಡುವದು ಅಲ್ಲಿಯೇ. ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ, ಮೊದಲು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವು ೨೦೧೯ರ ಕೊನೆಯಲ್ಲಿ ಪರದೇಶಿಗಳನ್ನು ತಡೆದಿಡುವ ಕೇಂದ್ರವಾಗಿ ಮಾರ್ಪಡಿಸಲ್ಪಟ್ಟಿತು. ಪಾಸ್‌ಪೋರ್ಟು ಇಲ್ಲದವರೂ ವೀಸಾದ ಅವಧಿ ಮೀರಿದವರೂ ಸ್ವದೇಶಕ್ಕೆ ಕಳುಹಿಸಲ್ಪಡುವ ತನಕ ಇಂಥ ಕೇಂದ್ರಗಳಲ್ಲಿ ಇರಿಸಲ್ಪಡುತ್ತಾರೆ. ಹೀಗೆ ಪರದೇಶಿಯು ಒಳಗೆ ಬರುವ ಬಾಗಿಲೂ ಹೊರಗೆ ಹೋಗುವ ತನಕ ಕಾಯುವ ಗೋಡೆಯೂ ನಮ್ಮ ಜಿಲ್ಲೆಯೊಳಗೇ ಇವೆ. ಆದಕಾರಣ ಈ ತಿಂಗಳ ಪಾಠವನ್ನು ದೂರದೇಶದ ಸಂಗತಿಯೆಂದು ಯಾರೂ ಎಣಿಸಬಾರದು.

ನಾವು ವಿಚಾರಿಸತಕ್ಕ ಪ್ರಶ್ನೆ ಏನಂದರೆ: "ನನ್ನ ದೇಶಕ್ಕೆ ಹಿಂತಿರುಗಿದರೆ ನನ್ನ ಪ್ರಾಣ ಉಳಿಯದು" ಎಂದು ಹೇಳುವ ಪರದೇಶಿಗೆ ನಮ್ಮ ದೇಶದ ಕಾನೂನು ಏನನ್ನು ಕೊಡುತ್ತದೆ? ಏನನ್ನು ಕೊಡುವದಿಲ್ಲ? ಹಳ್ಳಿಯ ಸಭೆಯವರಾದ ನಾವು ಅವನಿಗೆ ಯಾವ ಸಹಾಯ ಮಾಡಬಹುದು?

೧. ಆಶ್ರಯನಗರಗಳ ಕ್ರಮ

ಯೆಹೋಶುವನ ಪುಸ್ತಕದ ೨೦ನೆಯ ಅಧ್ಯಾಯವನ್ನು ಓದಿದವರು ಆರು ಆಶ್ರಯನಗರಗಳ ಸಂಗತಿಯನ್ನು ಬಲ್ಲರು. ತಿಳಿಯದೆ ಒಬ್ಬನನ್ನು ಕೊಂದವನು ಸೇಡು ತೀರಿಸುವವನ ಕೈಗೆ ಸಿಕ್ಕದೆ ಅಲ್ಲಿಗೆ ಓಡಿಹೋಗಬಹುದಾಗಿತ್ತು. ಅವನು ಪಟ್ಟಣದ ಬಾಗಿಲಲ್ಲಿ ನಿಂತು ಹಿರಿಯರಿಗೆ ತನ್ನ ಸಂಗತಿಯನ್ನು ತಿಳಿಸತಕ್ಕದ್ದು. ಅವರು ಅವನನ್ನು ಒಳಗೆ ಕರೆದು ಸ್ಥಳ ಕೊಡತಕ್ಕದ್ದು. ವಿಚಾರಣೆ ಮುಗಿಯುವ ತನಕ ಅವನನ್ನು ಬೆನ್ನಟ್ಟಿ ಬಂದವನಿಗೆ ಒಪ್ಪಿಸಕೂಡದು. ಈ ನಿಯಮವು ಇಸ್ರಾಯೇಲ್ಯನಿಗೂ ಅವರ ಮಧ್ಯದಲ್ಲಿ ವಾಸಿಸುವ ಪರದೇಶಿಗೂ ಒಂದೇ ಆಗಿತ್ತು.

ಇದರಲ್ಲಿ ಒಂದು ವಿಷಯವನ್ನು ಚೆನ್ನಾಗಿ ಗಮನಿಸಿರಿ. ಬಂದವನು ನಿರಪರಾಧಿಯೆಂದು ಬಾಗಿಲಲ್ಲಿಯೇ ತೀರ್ಪು ಹೇಳಬೇಕೆಂದು ಹಿರಿಯರಿಗೆ ಅಪ್ಪಣೆಯಾಗಲಿಲ್ಲ. ಅವರ ಮೇಲಿದ್ದ ಕರ್ತವ್ಯಗಳು ಎರಡೇ. ಮೊದಲನೆಯದು, ಅವನ ಮಾತನ್ನು ಕೇಳುವದು. ಎರಡನೆಯದು, ಕೇಳಿ ತೀರುವ ತನಕ ಅವನನ್ನು ಒಪ್ಪಿಸದಿರುವದು. ಈ ಕಾಲದ ನಿರಾಶ್ರಿತರ ಕಾನೂನು ಎಷ್ಟೇ ವಿಸ್ತಾರವಾಗಿದ್ದರೂ ಅದು ಮುಖ್ಯವಾಗಿ ಕೇಳುವದು ಈ ಎರಡನ್ನೇ.

೨. ನಿರಾಶ್ರಿತನೆಂದರೆ ಯಾರು?

ಎರಡನೆಯ ಮಹಾಯುದ್ಧದ ತರುವಾಯ ೧೯೫೧ರಲ್ಲಿ ಜಿನೀವಾ ಪಟ್ಟಣದಲ್ಲಿ ಒಂದು ಒಡಂಬಡಿಕೆಯಾಯಿತು. ಅದರ ಪ್ರಕಾರ ಜನಾಂಗ, ಮತ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಯಾವದಾದರೂ ಒಂದರ ನಿಮಿತ್ತ ಹಿಂಸೆಯಾಗುವದೆಂದು ಸಕಾರಣವಾಗಿ ಭಯಪಟ್ಟು ಸ್ವದೇಶವನ್ನು ಬಿಟ್ಟವನು ನಿರಾಶ್ರಿತನು. ಅಂಥವನನ್ನು ಪ್ರಾಣಾಪಾಯವಿರುವ ಸ್ಥಳಕ್ಕೆ ಹಿಂದಕ್ಕೆ ಅಟ್ಟಬಾರದೆಂಬದು ಅದರ ಮುಖ್ಯ ನಿಯಮ. ಮೊದಲು ಇದು ೧೯೫೧ಕ್ಕಿಂತ ಮುಂಚೆ ನಡೆದ ಸಂಗತಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ೧೯೬೭ರ ಇನ್ನೊಂದು ಒಪ್ಪಂದವು ಆ ಮಿತಿಯನ್ನು ತೆಗೆದುಹಾಕಿತು.

ಆಫ್ರಿಕ ಖಂಡದ ರಾಜ್ಯಗಳು ೧೯೬೯ರಲ್ಲಿ ಅಡಿಸ್ ಅಬಾಬದಲ್ಲಿ ಕೂಡಿ ಇದನ್ನು ಇನ್ನೂ ವಿಸ್ತರಿಸಿದವು. ಹೊರಗಿನವರ ದಾಳಿಯಿಂದಲೂ ದೇಶದ ಶಾಂತಿಯನ್ನು ಕೆಡಿಸುವ ದೊಡ್ಡ ಕಲಹಗಳಿಂದಲೂ ಓಡಿಬಂದವನು ಸಹ ನಿರಾಶ್ರಿತನೆಂದು ಒಪ್ಪಿಕೊಂಡವು. ಮಧ್ಯ ಆಫ್ರಿಕದ ದೇಶಗಳು ಐಶ್ವರ್ಯವುಳ್ಳವುಗಳಲ್ಲ; ಕೆಲವು ತಾವೇ ಯುದ್ಧದಿಂದ ನೊಂದವು. ಆದರೂ ಕಾಂಗೋ ಪ್ರಜಾಪ್ರಭುತ್ವ ಗಣರಾಜ್ಯವು ೨೦೦೨ರಲ್ಲಿ, ಕ್ಯಾಮರೂನ್ ೨೦೦೫ರಲ್ಲಿ, ಚಾಡ್ ೨೦೨೦ರಲ್ಲಿ ನಿರಾಶ್ರಿತರಿಗಾಗಿಯೇ ಕಾನೂನು ಮಾಡಿಕೊಂಡವು. ಕ್ಯಾಮರೂನಿನ ಕಾನೂನಿನಲ್ಲಿ ಬಂದವನ ಮಾತನ್ನು ಕೇಳುವದಕ್ಕೆ ಒಂದು ಮಂಡಲಿಯೂ, ಅದು ತಿರಸ್ಕರಿಸಿದರೆ ಮನವಿ ಮಾಡಿಕೊಳ್ಳುವದಕ್ಕೆ ಮತ್ತೊಂದು ಮಂಡಲಿಯೂ ನೇಮಕವಾಗಿವೆ.

ಹೆಚ್ಚು ಕೂಲಿ ಸಿಕ್ಕುವದೆಂದು ಮಾತ್ರ ಬಂದವನು ನಿರಾಶ್ರಿತನಲ್ಲ. ಆದರೆ ವ್ಯಾಸಂಗಕ್ಕೆಂದು ಬಂದವನು ಇಲ್ಲಿದ್ದಾಗಲೇ ನಿರಾಶ್ರಿತನಾಗಬಹುದು. ಹೇಗಂದರೆ, ಸೂಡಾನಿನಿಂದ ಒಬ್ಬ ವಿದ್ಯಾರ್ಥಿಯು ಬೆಂಗಳೂರಿಗೆ ಬಂದನೆಂದು ಎಣಿಸಿರಿ. ೨೦೨೩ರ ಏಪ್ರಿಲ್ ತಿಂಗಳಲ್ಲಿ ಅವನ ದೇಶದಲ್ಲಿ ಯುದ್ಧ ಹತ್ತಿತು. ಅವನ ವ್ಯಾಸಂಗ ಮುಗಿಯಿತು, ವೀಸಾ ತೀರಿತು, ಊರಿನಲ್ಲಿ ಮನೆಯಿಲ್ಲ. ಬಂದಾಗ ಅತಿಥಿಯಾಗಿದ್ದವನು ಈಗ ಆಶ್ರಯ ಬೇಡುವವನಾದನು.

೩. ನಮ್ಮ ದೇಶದ ಕ್ರಮ

ಭಾರತವು ೧೯೫೧ರ ಒಡಂಬಡಿಕೆಗೆ ರುಜು ಹಾಕಿಲ್ಲ. ನಿರಾಶ್ರಿತರಿಗೆಂದೇ ಮಾಡಿದ ಕಾನೂನು ನಮ್ಮಲ್ಲಿಲ್ಲ. ಹಾಗಾದರೆ ನಮ್ಮ ದೇಶ ಯಾರಿಗೂ ಆಶ್ರಯ ಕೊಡಲಿಲ್ಲವೋ? ಕೊಟ್ಟಿತು. ೧೯೫೯ರ ತರುವಾಯ ಓಡಿಬಂದ ಟಿಬೆಟಿನವರಿಗೆ ನಮ್ಮ ಮೈಸೂರು ಸೀಮೆಯ ಬೈಲಕುಪ್ಪೆಯಲ್ಲಿಯೂ, ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ ಇವುಗಳಲ್ಲಿಯೂ ಭೂಮಿ ದೊರೆಯಿತು. ಅವರು ಕಾಡು ಕಡಿದು ಜೋಳ ಬೆಳೆದರು. ಅವರ ಕೈಯಲ್ಲಿ ನೋಂದಣಿ ಪತ್ರವುಂಟು. ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿನವರು ಹುಟ್ಟಿನಿಂದಲೇ ಈ ದೇಶದ ಪ್ರಜೆಗಳೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೧೩ರಲ್ಲಿ ತೀರ್ಪು ಕೊಟ್ಟಿತು.

ಆದರೆ ಇದು ಗುಂಪು ಗುಂಪಾಗಿ ಕೊಟ್ಟ ಆಶ್ರಯ. ೧೯೪೬ರ ಪರದೇಶಿಗಳ ಕಾನೂನಿಗೆ ಬದಲಾಗಿ ೨೦೨೫ರ ಸೆಪ್ಟೆಂಬರ್ ೧ರಿಂದ ವಲಸೆ ಮತ್ತು ವಿದೇಶೀಯರ ಹೊಸ ಕಾನೂನು ಜಾರಿಗೆ ಬಂದಿದೆ. ಟಿಬೆಟಿನವರಿಗೂ, ದಾಖಲಾದ ಶ್ರೀಲಂಕಾದ ತಮಿಳರಿಗೂ, ಅಫಘಾನಿಸ್ಥಾನ ಬಾಂಗ್ಲಾದೇಶ ಪಾಕಿಸ್ತಾನಗಳಿಂದ ಬಂದ ಅಲ್ಪಸಂಖ್ಯಾತ ಮತಗಳವರಿಗೂ ಬೇರೆ ಬೇರೆ ಷರತ್ತುಗಳ ಮೇಲೆ ವಿನಾಯಿತಿ ಕೊಡಲ್ಪಟ್ಟಿದೆ. ಈ ಕಡೆಯವರಲ್ಲಿ ಕ್ರೈಸ್ತರೂ ಸೇರಿದ್ದಾರೆ. ಕಾಂಗೋ ದೇಶದವನಾಗಲಿ ಸೂಡಾನಿನವನಾಗಲಿ ಈ ಪಟ್ಟಿಯಲ್ಲಿಲ್ಲ. ಪಾಸ್‌ಪೋರ್ಟಿಲ್ಲದೆ ಒಳಗೆ ಬಂದವನಿಗೆ ಹೊಸ ಕಾನೂನಿನಲ್ಲಿ ಐದು ವರುಷಗಳ ವರೆಗೆ ಸೆರೆ, ಇಲ್ಲವೆ ೫ ಲಕ್ಷ ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಪಟ್ಟಿಯಲ್ಲಿಲ್ಲದವನಿಗೆ ಎರಡು ದಾರಿಗಳುಂಟು. ಒಂದು, ದಿಲ್ಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ. ಅಲ್ಲಿ ವಿಚಾರಣೆ ಮಾಡಿ ಗುರುತಿನ ಚೀಟಿ ಕೊಡುತ್ತಾರೆ. ಆ ಚೀಟಿ ಸಹಾಯಕರವಾದದ್ದೇ, ಆದರೆ ಅದು ಸರ್ಕಾರದ ವೀಸಾ ಅಲ್ಲ. ಎರಡನೆಯದು, ಕೇಂದ್ರ ಗೃಹ ಮಂತ್ರಾಲಯವು ೨೦೧೧ರಲ್ಲಿ ಹೊರಡಿಸಿದ ಕ್ರಮ. ತಾನು ನಿರಾಶ್ರಿತನೆಂದು ಒಬ್ಬನು ಹೇಳಿಕೊಂಡರೆ ಅಧಿಕಾರಿಗಳು ಅವನ ಭಯಕ್ಕೆ ಆಧಾರವುಂಟೋ ಎಂದು ಪರೀಕ್ಷಿಸಬೇಕು. ಆಧಾರವಿದ್ದರೆ ದೀರ್ಘಾವಧಿಯ ವೀಸಾಕ್ಕೆ ಶಿಫಾರಸು ಮಾಡಬಹುದು ಎಂಬದು ಅದರ ಸಾರಾಂಶ.

೪. "ಪ್ರಜೆ" ಎಂಬ ಮಾತೂ "ವ್ಯಕ್ತಿ" ಎಂಬ ಮಾತೂ

ನಮ್ಮ ಸಂವಿಧಾನದಲ್ಲಿ ಕೆಲವು ಹಕ್ಕುಗಳು ಪ್ರಜೆಗಳಿಗೆ ಮಾತ್ರ ಕೊಡಲ್ಪಟ್ಟಿವೆ. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಹಕ್ಕು, ಅಂದರೆ ೧೯ನೆಯ ವಿಧಿಯದು, ಅಂಥದು. ಆದರೆ ಕಾನೂನಿನ ಮುಂದೆ ಸಮಾನತೆಯನ್ನು ಕೊಡುವ ೧೪ನೆಯ ವಿಧಿಯೂ, ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಾಯುವ ೨೧ನೆಯ ವಿಧಿಯೂ "ವ್ಯಕ್ತಿ" ಎಂಬ ಮಾತನ್ನು ಉಪಯೋಗಿಸುತ್ತವೆ. ಪರದೇಶಿಯೂ ವ್ಯಕ್ತಿಯೇ ಅಲ್ಲವೇ?

ಸರ್ವೋಚ್ಚ ನ್ಯಾಯಾಲಯವು ಇದನ್ನು ಎರಡು ಕಡೆಯಿಂದಲೂ ತೂಗಿದೆ. ಬೆಲ್ಜಿಯಂ ದೇಶದಿಂದ ೧೯೩೭ರಲ್ಲಿ ಬಂದು ಇಲ್ಲಿಯೇ ಮುದುಕರಾದ ಒಬ್ಬ ಮಿಷನರಿಗೆ ದೇಶ ಬಿಡಬೇಕೆಂದು ಅಪ್ಪಣೆಯಾಯಿತು. ಪರದೇಶಿಯ ಪ್ರಾಣಕ್ಕೂ ಸ್ವಾತಂತ್ರ್ಯಕ್ಕೂ ರಕ್ಷಣೆಯುಂಟು, ಇಲ್ಲಿ ನೆಲೆಸುವ ಹಕ್ಕಾದರೋ ಇಲ್ಲ ಎಂದು ೧೯೯೧ರಲ್ಲಿ ತೀರ್ಪಾಯಿತು. ೧೯೯೬ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ಜನರನ್ನು ಕೆಲವರು ಹೆದರಿಸಿ ಓಡಿಸಲು ಯತ್ನಿಸಿದಾಗ, ಅವರನ್ನು ಕಾಯುವದು ಸರ್ಕಾರದ ಕರ್ತವ್ಯವೆಂದು ಅದೇ ನ್ಯಾಯಾಲಯವು ಆಜ್ಞಾಪಿಸಿತು. ೨೦೨೧ರ ಏಪ್ರಿಲ್ ತಿಂಗಳಲ್ಲಿ ರೋಹಿಂಗ್ಯಾ ಜನರನ್ನು ಹೊರಗೆ ಕಳುಹಿಸುವದನ್ನು ತಡೆಯಲಿಲ್ಲ. ಆದರೆ ಗೊತ್ತುಮಾಡಿದ ಕ್ರಮವನ್ನು ಅನುಸರಿಸದೆ ಕಳುಹಿಸಕೂಡದೆಂದಿತು. ಮುಂದಿನ ತಿಂಗಳಲ್ಲಿಯೇ, ಬರ್ಮಾ ದೇಶದಿಂದ ಓಡಿಬಂದ ಏಳು ಮಂದಿಗಾಗಿ ಒಬ್ಬ ವಕೀಲರು ಮಣಿಪುರದ ಉಚ್ಚ ನ್ಯಾಯಾಲಯದಲ್ಲಿ ಅರಿಕೆಮಾಡಿದ್ದರಿಂದ, ಅವರು ದಿಲ್ಲಿಗೆ ಹೋಗಿ ವಿಶ್ವಸಂಸ್ಥೆಯ ಕಚೇರಿಯಲ್ಲಿ ತಮ್ಮ ಸಂಗತಿಯನ್ನು ತಿಳಿಸುವದಕ್ಕೆ ಅನುಮತಿ ದೊರೆಯಿತು.

ಇವುಗಳಿಂದ ತಿಳಿಯುವದೇನು? ಪರದೇಶಿಗೆ ಇಲ್ಲಿ ಉಳಿಯುವ ಹಕ್ಕು ನಿಶ್ಚಯವಿಲ್ಲ. ಕೇಳಲ್ಪಡುವ ಹಕ್ಕು ಉಂಟು. ಆದರೆ ಬಾಯಿ ಇಲ್ಲದವನಿಗೆ ಆ ಹಕ್ಕಿನಿಂದ ಪ್ರಯೋಜನವೇನು? ಭಾಷೆ ತಿಳಿಯದೆ, ಯಾವ ಕಚೇರಿಗೆ ಹೋಗಬೇಕೆಂದು ಅರಿಯದೆ ಗೋಡೆಯೊಳಗೆ ಕೂತವನಿಗೆ ಹಕ್ಕು ಕಾಗದದಲ್ಲಿಯೇ ಉಳಿಯುವದು. ಆ ಏಳು ಮಂದಿಗೆ ಉಪಕಾರವಾದದ್ದು ಒಬ್ಬರು ಅವರ ಪರವಾಗಿ ಮಾತಾಡಿದ್ದರಿಂದಲೇ.

೫. ಹಣವಿಲ್ಲದೆ ದೊರೆಯುವ ವಕೀಲರು

ಬಡತನದ ನಿಮಿತ್ತ ಯಾರೂ ನ್ಯಾಯವನ್ನು ಕಳಕೊಳ್ಳಬಾರದೆಂದು ಸಂವಿಧಾನಕ್ಕೆ ೧೯೭೬ರಲ್ಲಿ ೩೯-ಎ ವಿಧಿ ಸೇರಿಸಲ್ಪಟ್ಟಿತು. ಅದರಂತೆ ೧೯೮೭ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾನೂನು ಆಯಿತು. ಅದರ ೧೨ನೆಯ ಕಲಮಿನಲ್ಲಿ ಉಚಿತ ವಕೀಲರು ಯಾರಿಗೆ ದೊರೆಯುವರೆಂದು ಹೇಳಿದೆ: ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕೆಲಸಗಾರರು, ಬಂಧನದಲ್ಲಿರುವವರು, ಸರ್ಕಾರ ಗೊತ್ತುಮಾಡಿದ ಮಿತಿಗಿಂತ ಕಡಿಮೆ ಆದಾಯವುಳ್ಳವರು, ಮತ್ತು ಇನ್ನೂ ಕೆಲವರು. ಪ್ರಜೆಯಾಗಿರಬೇಕೆಂಬ ಮಾತು ಆ ಕಲಮಿನಲ್ಲಿ ಇಲ್ಲ. ಆದಕಾರಣ ಬಂಧನದಲ್ಲಿರುವ ಪರದೇಶಿಯೂ, ಹೊರಗಿರುವ ಅವನ ಹೆಂಡತಿ ಮಕ್ಕಳೂ ಈ ಸಹಾಯವನ್ನು ಕೇಳಬಹುದು.

ಹೀಗೆ ಕೇಳುವದಕ್ಕೆ ಬಹು ದೂರ ಹೋಗಬೇಕಾಗಿಲ್ಲ. ತಾಲ್ಲೂಕು ನ್ಯಾಯಾಲಯದಲ್ಲಿ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಬರೆಯಲು ಬಾರದವನು ಬಾಯಿಮಾತಿನಲ್ಲಿ ಹೇಳಿ ಅರ್ಜಿ ಬರೆಸಿಕೊಳ್ಳಬಹುದು. ೧೫೧೦೦ ಎಂಬ ಸಂಖ್ಯೆಗೆ ಫೋನು ಮಾಡಿಯೂ ವಿಚಾರಿಸಬಹುದು. ಇದು ಪರದೇಶಿಗೆ ಮಾತ್ರವಲ್ಲ, ನಮಗೂ ಉಪಯೋಗವಾದದ್ದು. ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಕಲಮಿನ ಪ್ರಕಾರ ಇದು ದೊರೆಯದಿದ್ದರೂ, ಹೆಂಗಸರಿಗೂ ಮಕ್ಕಳಿಗೂ ಬಡವರಿಗೂ ಬೇರೆ ಕಲಮುಗಳ ಪ್ರಕಾರ ದೊರೆಯುತ್ತದೆ.

೬. ನಮ್ಮ ಸಭೆಗಳವರು ಮಾಡತಕ್ಕದ್ದೂ ಮಾಡಬಾರದ್ದೂ

ಮೊದಲನೆಯದಾಗಿ, ಮರೆಮಾಡಬೇಡಿರಿ. ಪರದೇಶಿಗೆ ಮನೆಯನ್ನು ಬಾಡಿಗೆಗೆ ಕೊಟ್ಟವರು ೨೪ ಗಂಟೆಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮವುಂಟು. ಕನಿಕರದಿಂದ ಮುಚ್ಚಿಟ್ಟರೆ ಮನೆಯವನಿಗೂ ಕಷ್ಟ, ಬಂದವನ ಮಾತಿಗೂ ಬೆಲೆ ಹೋಗುವದು.

ಎರಡನೆಯದಾಗಿ, ಸುಳ್ಳು ಕಾಗದಕ್ಕೆ ಕೈ ಹಾಕಬೇಡಿರಿ. ಹಣ ಕೊಟ್ಟರೆ ಆಧಾರ್ ಚೀಟಿ ಮಾಡಿಸಿಕೊಡುತ್ತೇವೆಂದು ಹೇಳುವ ದಲ್ಲಾಳಿಗಳು ಉಂಟು. ನಿಜವಾದ ನಿರಾಶ್ರಿತನು ಸುಳ್ಳು ಚೀಟಿ ಹಿಡಿದು ಸಿಕ್ಕಿಬಿದ್ದರೆ ಅವನ ನಿಜವಾದ ಕಥೆಯನ್ನೂ ಯಾರೂ ನಂಬರು. ಸಭಾಪಾಲಕರಾಗಲಿ ಉಪದೇಶಿಗಳಾಗಲಿ ಪತ್ರ ಕೊಡುವಾಗ ತಾವು ಕಣ್ಣಾರೆ ಬಲ್ಲದ್ದನ್ನೇ ಬರೆಯಲಿ. "ಇವರು ಇಷ್ಟು ತಿಂಗಳಿಂದ ನಮ್ಮ ಆರಾಧನೆಗೆ ಬರುತ್ತಿದ್ದಾರೆ" ಎಂಬ ಸತ್ಯವಾದ ಒಂದು ಸಾಲು, ತಿಳಿಯದ ಸಂಗತಿಗಳ ಒಂದು ಪುಟಕ್ಕಿಂತ ಹೆಚ್ಚು ಬಾಳುವದು.

ಮೂರನೆಯದಾಗಿ, ತಡಮಾಡಬೇಡಿರಿ. ವೀಸಾ ತೀರುವದಕ್ಕೆ ಮುಂಚೆಯೇ ವಕೀಲರ ಬಳಿಗೆ ಕರಕೊಂಡು ಹೋಗಿರಿ. ಪಾಸ್‌ಪೋರ್ಟು, ಕಾಲೇಜಿನ ಪತ್ರ, ಊರಿನಿಂದ ಬಂದ ಕಾಗದಗಳು, ಸುಟ್ಟ ಮನೆಯ ಚಿತ್ರ ಇವೆಲ್ಲವುಗಳ ನಕಲನ್ನು ಇನ್ನೊಂದು ಸ್ಥಳದಲ್ಲಿ ಇಡಲಿ. ಯಾವ ದಿನ ಏನು ನಡೆಯಿತೆಂದು ತನ್ನ ಭಾಷೆಯಲ್ಲಿಯೇ ಬರೆದಿಡಲಿ.

ನಾಲ್ಕನೆಯದಾಗಿ, ನಾಲಿಗೆಯಾಗಿರಿ. ಕಾಂಗೋ ಸೀಮೆಯವರಲ್ಲಿ ಅನೇಕರು ಫ್ರೆಂಚ್, ಸ್ವಾಹಿಲಿ, ಲಿಂಗಾಲ ಭಾಷೆಗಳನ್ನಾಡುತ್ತಾರೆ. ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುವವರು ಕಡಿಮೆಯಿಲ್ಲ. ಅಂಥ ಒಬ್ಬರನ್ನು ಹುಡುಕಿ ವಕೀಲರ ಬಳಿಗೆ ಕರೆತರುವದು ಹಳ್ಳಿಯವರಿಂದಲೂ ಆಗುವ ಕೆಲಸ.

ಐದನೆಯದಾಗಿ, ಯಾರಾದರೂ ಹಿಡಿಯಲ್ಪಟ್ಟರೆ ಹೆದರಿ ದೂರವಾಗಬೇಡಿರಿ. ಬಂಧಿತನಿಗೆ ವಕೀಲರೊಡನೆ ಮಾತಾಡುವ ಹಕ್ಕು ಸಂವಿಧಾನದ ೨೨ನೆಯ ವಿಧಿಯಲ್ಲುಂಟು. ಅವನ ಹೆಸರನ್ನೂ ಇರಿಸಿದ ಸ್ಥಳವನ್ನೂ ಕಾನೂನು ಸೇವಾ ಸಮಿತಿಗೆ ತಿಳಿಸಿರಿ. ಅನ್ಯಾಯವಾಗಿ ಬಂಧಿಸಲ್ಪಟ್ಟಿದ್ದರೆ ಉಚ್ಚ ನ್ಯಾಯಾಲಯವು ಅವನನ್ನು ತನ್ನ ಮುಂದೆ ತರಿಸಿ ವಿಚಾರಿಸಬಲ್ಲದು.

ಪ್ರಿಯರೇ, ಇವನು ನಿಜವಾದ ನಿರಾಶ್ರಿತನೋ ಅಲ್ಲವೋ ಎಂದು ತೀರ್ಪು ಮಾಡುವದು ನಮ್ಮ ಕೆಲಸವಲ್ಲ. ಅದಕ್ಕೆ ಅಧಿಕಾರಿಗಳೂ ನ್ಯಾಯಾಧೀಶರೂ ಇದ್ದಾರೆ. ಕೇಳದೆ ಯಾರನ್ನೂ ಹಿಂದಕ್ಕೆ ಕಳುಹಿಸದಂತೆ, ಅವನ ಮಾತು ಕೇಳತಕ್ಕವರ ಕಿವಿಗೆ ಮುಟ್ಟುವಂತೆ ನೋಡಿಕೊಳ್ಳುವದು ಮಾತ್ರ ನಮ್ಮಿಂದ ಆಗುವದು.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಆಶ್ರಯನಗರದ ಹಿರಿಯರ ಮೇಲಿದ್ದ ಎರಡು ಕರ್ತವ್ಯಗಳು ಯಾವವು?
೨. ಕೂಲಿಗಾಗಿ ಬಂದವನಿಗೂ ನಿರಾಶ್ರಿತನಿಗೂ ಭೇದವೇನು?
೩. ಸಂವಿಧಾನದಲ್ಲಿ "ಪ್ರಜೆ" ಎಂಬ ಮಾತಿಗೂ "ವ್ಯಕ್ತಿ" ಎಂಬ ಮಾತಿಗೂ ಇರುವ ಭೇದದಿಂದ ಪರದೇಶಿಗೆ ಆಗುವ ಲಾಭವೇನು?
೪. ಉಚಿತ ವಕೀಲರು ಯಾರಿಗೆ ದೊರೆಯುವರು? ನಮ್ಮ ಸಭೆಯಲ್ಲಿ ಅಂಥವರು ಎಷ್ಟು ಮಂದಿ ಇದ್ದಾರೆ?
೫. ನಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿ ಎಲ್ಲಿದೆ? ಮುಂದಿನ ಕೂಟದೊಳಗೆ ಹೋಗಿ ನೋಡಿಬರುವವರು ಯಾರು?