ಬಾಗಿಲು ಎಲ್ಲಿದೆ? ಸ್ಕರ್ಟಿಂಗ್ ಪಟ್ಟಿಯಿಂದ ಸುತ್ತಳತೆಯ ಪಾಠ

ತರಗತಿ: 7. ವಿಷಯ: ಗಣಿತ. ಘಟಕ: ಸುತ್ತಳತೆ ಮತ್ತು ವಿಸ್ತೀರ್ಣ. ಅವಧಿ: 40 ನಿಮಿಷಗಳ ಎರಡು ತರಗತಿ.
ಬಳಸಿದ ಸಾಮಗ್ರಿ: ಹಳೆಯ ದಿನಪತ್ರಿಕೆ, ಅಳತೆ ಟೇಪು, ದಾರ, ಸೀಮೆಸುಣ್ಣ, ಶಾಯಿ, ಟೈಲ್ಸಿನ ಒಂದು ಮುರುಕು.

ಬೋಧನಾಭ್ಯಾಸಕ್ಕಾಗಿ ನನಗೆ ಔರಾದ ತಾಲ್ಲೂಕಿನ ಒಂದು ಹಳ್ಳಿ ಶಾಲೆ ಸಿಕ್ಕಿತ್ತು. ಸುತ್ತಳತೆಯ ಮೊದಲ ಪಾಠ ಯೋಜನೆಯಲ್ಲಿ ಬರೆದಂತೆಯೇ ಮುಗಿಯಿತು. ಆಯತದ ಸುತ್ತಳತೆ 2(ಉದ್ದ + ಅಗಲ) ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿದರು. ವೀಕ್ಷಣೆಗೆ ಬಂದಿದ್ದ ಸಹ ಪ್ರಶಿಕ್ಷಣಾರ್ಥಿಗಳೂ 'ಚೆನ್ನಾಗಿದೆ' ಎಂದು ಬರೆದುಕೊಟ್ಟರು. ಮರುದಿನ ಘಟಕ ಪರೀಕ್ಷೆ ಕೊಟ್ಟೆ. ಅದರಲ್ಲಿ ಒಂದು ಪ್ರಶ್ನೆ ನಾನೇ ರಚಿಸಿದ್ದು. ಆ ದಿನಗಳಲ್ಲಿ ಭಾಲ್ಕಿಯ ನಮ್ಮ ಮನೆಯಲ್ಲಿ ಸ್ಕರ್ಟಿಂಗ್ ಹಚ್ಚುವ ಮಾತು ನಡೆದಿತ್ತು, ಅದೇ ತಲೆಯಲ್ಲಿತ್ತು.

'12 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಗೋಡೆಗಳ ಬುಡಕ್ಕೆ 2 ಅಡಿ ಉದ್ದದ ಸ್ಕರ್ಟಿಂಗ್ ಪಟ್ಟಿ ಹಚ್ಚಬೇಕು. ಎಷ್ಟು ಪಟ್ಟಿ ಬೇಕು?'

ನನ್ನ ಉತ್ತರ ಸೂಚಿಯಲ್ಲಿ ಸುತ್ತಳತೆ 44 ಅಡಿ, ಪಟ್ಟಿ 22. ಹೆಚ್ಚಿನ ಮಕ್ಕಳು ಹಾಗೆಯೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಉತ್ತರದ ಜಾಗದಲ್ಲಿ 'ಬಾಗಲ ಎಲ್ಲಿ ಅದಾ?' ಎಂದಷ್ಟೇ ಬರೆದಿದ್ದಳು. ಲೆಕ್ಕವಿಲ್ಲ, ಅಂಕಿಯಿಲ್ಲ. ನಾನು ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕಿ, ಪಕ್ಕದಲ್ಲಿ 'ಪ್ರಶ್ನೆಗೆ ಉತ್ತರಿಸು' ಎಂದು ಬರೆದೆ. ಪತ್ರಿಕೆ ಕೈಗೆ ಬಂದಾಗ ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಪಾಟೀಚೀಲದಲ್ಲಿ ಇಟ್ಟುಕೊಂಡಳು. ಆಮೇಲೆ ಎರಡು ದಿನ ಕೈ ಎತ್ತಲಿಲ್ಲ.

ಆ ವಾರಾಂತ್ಯ ಮನೆಗೆ ಹೋದೆ. ನಮ್ಮ ಕೋಣೆಯ ಅಳತೆಯೂ 12 ಗುಣಿಸು 10 ಅಡಿ. ಪ್ರಶ್ನೆಗೆ ಅಳತೆ ತೆಗೆದದ್ದು ಅಲ್ಲಿಂದಲೇ. ನೆಲಕ್ಕೆ ಎರಡು ವರ್ಷದ ಹಿಂದೆ 'ಟೂ ಬೈ ಟೂ' ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದೆವು, ಸ್ಕರ್ಟಿಂಗಿಗೆ ಆಗ ದುಡ್ಡು ಮುಗಿದಿತ್ತು. ಭಾಲ್ಕಿಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ನೆಲ ಒಂದಿಷ್ಟು ಕುಸಿದು, ಗೋಡೆಗೂ ನೆಲಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿತ್ತು. ನೆಲ ಒರೆಸಿದ ನೀರು ಆ ಸಂದಿಗೆ ಇಳಿದು ಗಿಲಾವಿನಲ್ಲಿ ಮೇಲೇರುತ್ತಿತ್ತು, ಬುಡದ ಬಣ್ಣ ಉಪ್ಪು ಹೂತು ಉದುರುತ್ತಿತ್ತು. ಸ್ಕರ್ಟಿಂಗ್ ಚೆಂದಕ್ಕೆ ಎಂದುಕೊಂಡವರು ಒಂದು ಮಳೆಗಾಲ ಅದಿಲ್ಲದೆ ಕಳೆದು ನೋಡಬೇಕು.

ಒಂದು ಕೋಣೆಯ ಕೆಲಸಕ್ಕೆ ಗೌಂಡಿ ಸುಲಭಕ್ಕೆ ಬರುವುದಿಲ್ಲ. ಪರಿಚಯದ ಒಬ್ಬರು ಸಂಜೆ ಎರಡು ತಾಸು ಬಂದು ಪಟ್ಟಿ ಕತ್ತರಿಸಿ, ಗೋಡೆಗೆ ಗುರುತು ಹಾಕಿ ಕೊಟ್ಟರು. ಹಚ್ಚುವ ಕೆಲಸ ನನ್ನದು ಮತ್ತು ತಮ್ಮನದು. ಮಿಕ್ಕಿದ್ದ ಟೈಲ್ಸ್ ನಾಲ್ಕು. ಒಂದರಲ್ಲಿ 4 ಅಂಗುಲ ಎತ್ತರದ ಆರು ಪಟ್ಟಿ, ನಾಲ್ಕರಲ್ಲಿ 24. ಬೇಕಾದದ್ದು 22, ಬಾಗಿಲು ಕಳೆದರೆ 21. ಎರಡು ಮೂರು ಉಳಿಯುತ್ತವೆ ಎಂದು ಅವ್ವನಿಗೆ ಹೇಳಿದ್ದೆ.

ಮೊದಲ ತಪ್ಪು 'ಟೂ ಬೈ ಟೂ' ಎಂಬ ಹೆಸರಿನಲ್ಲೇ ಇತ್ತು. ಆ ಟೈಲ್ಸ್ 600 ಮಿಲಿಮೀಟರ್, ಅಂದರೆ 60 ಸೆಂ.ಮೀ. ಎರಡು ಅಡಿ ಎಂದರೆ 60.96 ಸೆಂ.ಮೀ. ಒಂದರಲ್ಲಿ ಒಂದು ಸೆಂ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಆದರೆ 12 ಅಡಿಯ ಗೋಡೆ 365.8 ಸೆಂ.ಮೀ., ಆರು ಪಟ್ಟಿ ಸೇರಿದರೆ 360. ಕೊನೆಗೆ ಸುಮಾರು 6 ಸೆಂ.ಮೀ. ಬರಿಗೋಡೆ ಉಳಿಯುತ್ತದೆ. ಪುಸ್ತಕದಲ್ಲಿ 12 ಭಾಗಿಸು 2 ಸಮ 6, ಶೇಷ ಸೊನ್ನೆ. ನಮ್ಮ ಗೋಡೆಯಲ್ಲಿ ಶೇಷ ಇತ್ತು.

'ಮೂಲ್ಯಾಗ ಎರಡು ಬೆರಳಿನ ತುಂಡು ಹಚ್ಚಬ್ಯಾಡರಿ, ನಾಳೆ ಕಿತ್ತು ಬೀಳತದ' ಎಂದರು ಗೌಂಡಿ. ಅವರು ನೆಲಕ್ಕೆ ಟೈಲ್ಸ್ ಹಾಕುವಾಗಲೂ ಹಾಗೆಯೇ ಮಾಡಿದ್ದರು. ನಡುವೆ ಐದು ಪೂರ್ತಿ, ಎರಡೂ ತುದಿಗೆ 32.9 ಸೆಂ.ಮೀ.ನ ತುಂಡು. ನೆಲದ ಸಂದಿಗೆ ಸ್ಕರ್ಟಿಂಗಿನ ಸಂದು ನೇರ ಬರಬೇಕಾದ್ದರಿಂದ ಗೋಡೆಗೂ ಅದೇ ಹಂಚಿಕೆ. 32.9ರ ಎರಡು ತುಂಡು 60ರ ಒಂದು ಪಟ್ಟಿಯಲ್ಲಿ ಬರುವುದಿಲ್ಲ. ಹಾಗಾಗಿ 12 ಅಡಿಯ ಪ್ರತಿ ಗೋಡೆಗೆ ಏಳು ಪಟ್ಟಿ ಬೇಕು. 10 ಅಡಿಯ ಗೋಡೆ 304.8 ಸೆಂ.ಮೀ.: ನಾಲ್ಕು ಪೂರ್ತಿ, ತುದಿಗೆ 32.4ರ ಎರಡು ತುಂಡು, ಒಟ್ಟು ಆರು ಪಟ್ಟಿ. ಮೂರು ಗೋಡೆಗೆ 20 ಮುಗಿಯಿತು.

ಉಳಿದದ್ದು ಬಾಗಿಲ ಗೋಡೆ. ಬಾಗಿಲು 3 ಅಡಿ, ಮೂಲೆಯಿಂದ 1 ಅಡಿ ಬಿಟ್ಟು ಇದೆ. ಬಾಗಿಲ ಆಚೆಗೆ 6 ಅಡಿ ಗೋಡೆ. ನೆಲದ ಸಂದು ನೋಡಿಕೊಂಡು ಲೆಕ್ಕ ಹಾಕಿದರೆ ಆಚೆ ಬದಿಗೆ 30.5ರ ಒಂದು ತುಂಡು, ಎರಡು ಪೂರ್ತಿ, ಕೊನೆಗೆ 32.4. ಈಚೆ ಬದಿಗೆ 30.5ರ ಒಂದು ತುಂಡು. 30.5ರವು ಎರಡಿವೆಯಲ್ಲ, ಒಂದೇ ಪಟ್ಟಿಯನ್ನು ನಡುವೆ ಕತ್ತರಿಸಿದರೆ ಎರಡೂ ಬಂದಾವು ಎಂದೆ. ಗೌಂಡಿ ನಕ್ಕರು. ಬೇಕಾದದ್ದು 61, ಇರುವುದು 60, ಕಟರಿನ ಚಕ್ರ ತಿನ್ನುವ 2 ಮಿ.ಮೀ. ಬೇರೆ. ಮೊದಲಿನ ಗೋಡೆಗಳಿಂದ ಉಳಿದ ತುಂಡುಗಳು 27 ಸೆಂ.ಮೀ. ಆಸುಪಾಸಿನವು, ಅವೂ ಸಾಲವು. ಕಡೆಗೆ ಈ ಗೋಡೆಗೆ ಐದು ಪಟ್ಟಿ, ಒಟ್ಟು 25. ನಮ್ಮಲ್ಲಿ 24.

ಐದನೇ ಟೈಲ್ಸಿಗಾಗಿ ಅಂಗಡಿಗೆ ಹೋದೆವು. ಅದೇ ಕಂಪನಿ, ಅದೇ ನಮೂನೆ, ಆದರೆ ಡಬ್ಬಿಯ ಮೇಲಿನ ಶೇಡ್ ನಂಬರು ಬೇರೆ. ಎರಡು ವರ್ಷದ ಹಿಂದಿನ ತಂಡದ ಮಾಲು ಈಗೆಲ್ಲಿ ಸಿಗಬೇಕು? ಮೊದಲಿನದು ಕೆನೆ ಬಣ್ಣ, ಇದಕ್ಕೆ ಬೂದಿಯ ಛಾಯೆ. ಹಚ್ಚಿದೆವು.

ಹಚ್ಚುವ ಕೆಲಸದಲ್ಲಿ ಕಷ್ಟವೇನೂ ಇಲ್ಲ, ತಾಳ್ಮೆ ಬೇಕು. ಸಡಿಲ ಗಿಲಾವನ್ನು ಉಳಿಯಿಂದ ಕೆತ್ತಿ, ಧೂಳು ಒರೆಸಿ, ನೀರಿನ ಪೈಪಿನಿಂದ ಮಟ್ಟ ನೋಡಿ ದಾರ ಕಟ್ಟಿದೆವು. ನೆಲ ಎಲ್ಲಿ ಎತ್ತರವಿದೆಯೋ ಅಲ್ಲಿಂದ ಶುರು ಮಾಡಬೇಕು, ತಗ್ಗಿನಿಂದ ಶುರು ಮಾಡಿದರೆ ಎತ್ತರದ ಕಡೆ ಪಟ್ಟಿಯನ್ನು ಸವೆಸಬೇಕಾಗುತ್ತದೆ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ರಷ್ಟೂ ನೀರು ಹೀರುವುದಿಲ್ಲ, ಆದ್ದರಿಂದ ಬರೀ ಸಿಮೆಂಟು ಹಾಲಿಗೆ ಅದು ಗಟ್ಟಿಯಾಗಿ ಹಿಡಿಯದು, ಟೈಲ್ಸ್ ಅಂಟು ಬೇಕು. ಮೊಬೈಲಿನಲ್ಲಿ ನೋಡಿದ ವಿಡಿಯೋಗಳೆಲ್ಲ ಕಟ್ಟಿಗೆಯ ಹಲಗೆಯವು, ಮೂಲೆಗೆ 45 ಡಿಗ್ರಿ ಕತ್ತರಿಸುವುದನ್ನೇ ದೊಡ್ಡದಾಗಿ ತೋರಿಸುತ್ತಾರೆ. ಶಹಾಬಾದ ಫರ್ಶಿ, ಗ್ರಾನೈಟು, ಟೈಲ್ಸಿನ ನಮ್ಮ ಕಡೆಗೆ ಅದು ಹೊಂದದು. ಇಲ್ಲಿ ಒಂದು ಪಟ್ಟಿ ಮೂಲೆಯವರೆಗೆ ಹೋಗುತ್ತದೆ, ಇನ್ನೊಂದು ಬಂದು ಅದಕ್ಕೆ ತಾಗುತ್ತದೆ, ಅಷ್ಟೇ.

ಮೂಲೆಯ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ಗೌಂಡಿ ಒಂದು ಗೋಡೆಗೆ 3 ಅಡಿ, ಪಕ್ಕದ ಗೋಡೆಗೆ 4 ಅಡಿ ಗುರುತು ಹಾಕಿ ನಡುವಿನ ಅಂತರ ಅಳೆದರು. 5 ಅಡಿ ಬರಬೇಕಿತ್ತು, ಅರ್ಧ ಅಂಗುಲ ಹೆಚ್ಚು ಬಂತು. ಕರ್ಣಗಳನ್ನು ಅಳೆದೆ: ಒಂದು 15 ಅಡಿ 9 ಅಂಗುಲ, ಇನ್ನೊಂದು 15 ಅಡಿ 6 ಅಂಗುಲ. ನಮ್ಮ ಕೋಣೆ ಆಯತವಲ್ಲ, ಸಮಾಂತರ ಚತುರ್ಭುಜ! ಮೂಲೆ ಸುಮಾರು ಒಂದು ಡಿಗ್ರಿ ವಾರೆ, ಹತ್ತು ಅಡಿಗೆ ಎರಡು ಅಂಗುಲ. ಆದರೂ ಸ್ಕರ್ಟಿಂಗಿಗೆ ಅದರಿಂದ ತೊಂದರೆಯಾಗಲಿಲ್ಲ. ಬಾಹುಗಳು ಬದಲಾಗದಿದ್ದರೆ ಸುತ್ತಳತೆಯೂ ಬದಲಾಗದು, ಕಡಿಮೆಯಾಗುವುದು ವಿಸ್ತೀರ್ಣ ಮಾತ್ರ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ ನನಗೆ ಇದು ಗೊತ್ತಿತ್ತು. ಮಲಗುವ ಕೋಣೆಯಲ್ಲಿ ಅದನ್ನು ಕಂಡಿರಲಿಲ್ಲ.

ಸೋಮವಾರ ಔರಾದಕ್ಕೆ ಹೋಗುವ ಬಸ್ಸಿನಲ್ಲಿ ಪಾಠಯೋಜನೆ ಹೊಸದಾಗಿ ಬರೆದೆ. ಅದೇ ಘಟಕವನ್ನು ಮತ್ತೆ ತೆಗೆದುಕೊಳ್ಳಲು ಮಾರ್ಗದರ್ಶಕ ಶಿಕ್ಷಕರು ಎರಡು ಅವಧಿ ಕೊಟ್ಟರು.

ತರಗತಿಗೆ ಹೋದ ಕೂಡಲೇ ಮೊದಲು ಮಾಡಿದ್ದು ತಪ್ಪೊಪ್ಪಿಗೆ. ನನ್ನ ಪ್ರಶ್ನೆ ಅಪೂರ್ಣವಾಗಿತ್ತು, ಬಾಗಿಲು ಎಲ್ಲಿದೆ, ಎಷ್ಟು ಅಗಲ ಎಂದು ಹೇಳದೆ ಉತ್ತರ ಕೇಳಿದ್ದೆ, ಅದನ್ನು ಕೇಳಿದವಳಿಗೇ ಸೊನ್ನೆ ಕೊಟ್ಟಿದ್ದೆ ಎಂದೆ. ಹೆಸರು ಹೇಳಲಿಲ್ಲ. ಹೇಳದಿದ್ದರೂ ಎಲ್ಲರೂ ಅವಳ ಕಡೆ ತಿರುಗಿದರು. ಅವಳ ತಂದೆ ಹೈದರಾಬಾದಿನಲ್ಲಿ ಟೈಲ್ಸ್ ಕೆಲಸ ಮಾಡುತ್ತಾರೆ, ರಜೆಯಲ್ಲಿ ಅವಳು ಅಲ್ಲಿರುತ್ತಾಳೆ ಎಂಬುದು ಆಗ ತಿಳಿಯಿತು. ಮಕ್ಕಳ ಪೂರ್ವಜ್ಞಾನ ಎಂಬ ಅಂಕಣವನ್ನು ನಾವು ಪ್ರತಿ ಪಾಠಯೋಜನೆಯಲ್ಲೂ ತುಂಬುತ್ತೇವೆ. ನಾನು ಅಲ್ಲಿ ಬರೆದಿದ್ದದ್ದು 'ಆಯತದ ಪರಿಚಯವಿದೆ' ಎಂದು.

ತೊಡಗಿಸುವಿಕೆಗೆ ಶಾಯಿ ಬೆರೆಸಿದ ನೀರಿನಲ್ಲಿ ಒಂದು ಸೀಮೆಸುಣ್ಣ, ಒಂದು ಟೈಲ್ಸಿನ ಮುರುಕು ನಿಲ್ಲಿಸಿದೆ. ಸುಣ್ಣದಲ್ಲಿ ನೀಲಿ ಬಣ್ಣ ನೋಡನೋಡುತ್ತ ಮೇಲೇರಿತು, ಟೈಲ್ಸಿನಲ್ಲಿ ಏರಲಿಲ್ಲ. ತರಗತಿಯ ಗೋಡೆಯ ಬುಡವನ್ನು ನೋಡಲು ಹೇಳಿದೆ. ಮೊಳಕಾಲೆತ್ತರಕ್ಕೆ ಗಿಲಾವು ಉಬ್ಬಿತ್ತು. ಪಟ್ಟಿ ಯಾಕೆ ಬೇಕೆಂದು ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ.

ಆಮೇಲೆ ನಾಲ್ಕು ಗುಂಪು ಮಾಡಿ, ದಿನಪತ್ರಿಕೆಯಿಂದ 60 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿಕೊಟ್ಟೆ. ನಿಯಮ ಎರಡೇ: ಪಟ್ಟಿಯನ್ನು ಎಳೆಯುವಂತಿಲ್ಲ, ಒಂದು ಗೇಣಿಗಿಂತ ಸಣ್ಣ ತುಂಡು ಹಚ್ಚುವಂತಿಲ್ಲ. ಕೋಣೆ 20 ಗುಣಿಸು 16 ಅಡಿ, ಬಾಗಿಲು 4 ಅಡಿ. ಸೂತ್ರದ ಪ್ರಕಾರ 72 ಅಡಿ, ಬಾಗಿಲು ಕಳೆದು 68 ಅಡಿ. ಅದನ್ನು 60 ಸೆಂ.ಮೀ.ನಿಂದ ಭಾಗಿಸಿದರೆ 34.5 ಬರುತ್ತದೆ, ಅಂದರೆ 35 ಪಟ್ಟಿ. ಗುಂಪುಗಳ ಉತ್ತರ 36, 37, 39 ಮತ್ತು 33. ಜಗಳ ಶುರುವಾಯಿತು, ನನಗೆ ಬೇಕಾದದ್ದೂ ಅದೇ. 39ರ ಗುಂಪು ಉಳಿದ ತುಂಡು ಬಳಸಿರಲಿಲ್ಲ. 36ರ ಗುಂಪು ಒಂದು ಗೋಡೆಯ ತುಂಡನ್ನು ಇನ್ನೊಂದಕ್ಕೆ ಒಯ್ದಿತ್ತು. 33ರವರು ಕಪಾಟಿನ ಹಿಂದೆ ಹಚ್ಚಿರಲಿಲ್ಲ. ಒಬ್ಬ ಹುಡುಗ 'ಕಪಾಟ ಯಾರ ಎತ್ತತಾರಿ?' ಎಂದ. ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನನಗೆ ಮನಸ್ಸಾಗಲಿಲ್ಲ. ಕಪಾಟು ಸರಿಸದೆ ಕೆಲಸ ಮುಗಿಸುವ ಮನೆಗಳೂ ಇವೆ.

ಆ ಹುಡುಗಿ ತನ್ನ ಗುಂಪಿನಲ್ಲಿ ಮಾತಾಡಿದಳು, ನನ್ನೊಂದಿಗೆ ಇನ್ನೂ ಇಲ್ಲ. ಎರಡನೇ ಅವಧಿಯಲ್ಲಿ ಒಂದು ಟೈಲ್ಸಿನಲ್ಲಿ 10 ಸೆಂ.ಮೀ.ನ ಆರು ಪಟ್ಟಿ ಬರುತ್ತವೆ ಎಂದು ಹಲಗೆಯ ಮೇಲೆ ಬರೆದಾಗ ಕೈ ಎತ್ತಿದಳು. 'ಕಟರ್ ತಿನ್ನತದರಿ.' ಐದು ಬಾರಿ ಕತ್ತರಿಸಬೇಕು, ಪ್ರತಿ ಸಲ 2 ಮಿ.ಮೀ. ಹೋದರೆ ಒಟ್ಟು 1 ಸೆಂ.ಮೀ., ಉಳಿದ 59ನ್ನು ಆರಕ್ಕೆ ಹಂಚಿದರೆ ಸುಮಾರು 9.8. ಲೆಕ್ಕವನ್ನು ಅವಳೇ ಬಂದು ಮಾಡಿದಳು.

ಕಡ್ಡಿಗಳ ಚೌಕಟ್ಟನ್ನು ವಾರೆ ಮಾಡಿ ಸುತ್ತಳತೆ ಬದಲಾಗದ್ದನ್ನು ತೋರಿಸಲು ಐದು ನಿಮಿಷ ಸಿಕ್ಕಿತು. ಅದು ಸಾಲಲಿಲ್ಲ. ವೃತ್ತದ ಪರಿಧಿಯ ಪಾಠಕ್ಕೆ ಬೀದರಿನ ಮಹಮೂದ್ ಗವಾನ್ ಮದರಸಾದ ಚಿತ್ರ ಇಟ್ಟುಕೊಂಡಿದ್ದೆ. 1472ರ ಆ ಕಟ್ಟಡದಲ್ಲಿ ಈಗ ಉಳಿದಿರುವ ಮಿನಾರಿನ ಮೈಮೇಲೆ ಬಣ್ಣದ ಹೆಂಚಿನ ಅಂಕುಡೊಂಕು ಪಟ್ಟಿಗಳಿವೆ. ದುಂಡನೆಯ ಮೈ ಸುತ್ತಿ ಬಂದ ಪಟ್ಟಿ ತನ್ನ ಬಾಲವನ್ನು ತಾನೇ ಸೇರಬೇಕಾದರೆ ಡೊಂಕುಗಳ ಸಂಖ್ಯೆ ಪೂರ್ಣಾಂಕವಾಗಿರಬೇಕು. ಅಲ್ಲಿ ಮುಚ್ಚಿಡಲು ಮೂಲೆಯೂ ಇಲ್ಲ. ಈ ಪಾಠ ಬೋಧಿಸಲು ನನಗೆ ಸರದಿ ಬರಲಿಲ್ಲ, ಮುಂದಿನ ತಂಡದವರು ಬಳಸಿಕೊಳ್ಳಬಹುದು.

ಮಾರ್ಗದರ್ಶಕರ ಟಿಪ್ಪಣಿಯಲ್ಲಿ 'ಸಮಯ ನಿರ್ವಹಣೆ ಸುಧಾರಿಸಬೇಕು' ಎಂದಿದೆ, ಒಪ್ಪುತ್ತೇನೆ. ಪ್ರತಿ ಘಟಕಕ್ಕೂ ಹೀಗೆ ಮಾಡಿದರೆ ಪಠ್ಯ ಮುಗಿಯದು. ಸೂತ್ರವನ್ನು ಬಿಟ್ಟುಬಿಡಬೇಕೆಂದೂ ನಾನು ಹೇಳುತ್ತಿಲ್ಲ. 72 ಅಡಿ ಎಂಬ ಅಂದಾಜು ಮೊದಲು ಇದ್ದದ್ದರಿಂದಲೇ 33 ಬಂದ ಗುಂಪಿಗೆ ಎಲ್ಲೋ ಬಿಟ್ಟಿದ್ದೇವೆ ಎಂದು ಅನುಮಾನ ಬಂದದ್ದು. ಪರೀಕ್ಷೆಯ ಪ್ರಶ್ನೆಗೆ ಈಗ ಬಾಗಿಲಿನ ಅಗಲ, ಅದರ ಜಾಗ, ಪಟ್ಟಿಯ ನಿಜವಾದ ಉದ್ದ ಸೇರಿಸಿದ್ದೇನೆ. 22 ಎಂದು ಬರೆದವರ ಅಂಕ ಕಳೆಯಲಿಲ್ಲ, ಅವರು ನಾನು ಕೇಳಿದ್ದಕ್ಕೆ ಉತ್ತರಿಸಿದ್ದರು. ಅವಳ ಪತ್ರಿಕೆಯನ್ನು ಮರಳಿ ಕೇಳಿ ಪಡೆದೆ. ನಾಲ್ಕು ಮಡಿಕೆಯ ಗೆರೆ ಹಾಗೇ ಇತ್ತು. ಸೊನ್ನೆಯನ್ನು ಹೊಡೆದು ಪೂರ್ತಿ 2 ಅಂಕ ಹಾಕಿ ಸಹಿ ಮಾಡಿದೆ.

ಪತ್ರಿಕೆ ತೆಗೆದುಕೊಂಡು ಬಾಗಿಲವರೆಗೆ ಹೋದವಳು ತಿರುಗಿ ಕೇಳಿದಳು: 'ಮೇಡಂ, ನಿಮ್ಮ ಮನ್ಯಾಗ ಆ ಬ್ಯಾರೆ ಬಣ್ಣದ ಪಟ್ಟಿ ಎಲ್ಲಿ ಹಚ್ಚಿದ್ರಿ?'

'ಬಾಗಲ ಹಿಂದ' ಎಂದೆ.

'ನಮ್ಮಪ್ಪನೂ ಅಲ್ಲೇ ಹಚ್ಚತಾನರಿ.'