ವೈಪಿನ್‌ಗೆ ಹೊರಟವರಿಗೊಂದು ಕಿವಿಮಾತು

ಕೊಚ್ಚಿ ನೋಡಲು ಹೋದವರು ಸಾಮಾನ್ಯವಾಗಿ ಫೋರ್ಟ್ ಕೊಚ್ಚಿಯ ಚೀನಾ ಬಲೆಗಳ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಕಾರಿದ್ದರೆ ಅಲ್ಲಿಂದಲೇ ವಾಹನಗಳನ್ನೂ ದಾಟಿಸುವ ರೋ-ರೋ ಜಂಗಲ್ ದೋಣಿ ಹತ್ತಬೇಕು. ಕೆಲವೇ ನಿಮಿಷಗಳಲ್ಲಿ ಕಾರು, ಬೈಕು, ಜನ ಎಲ್ಲ ಒಟ್ಟಿಗೆ ವೈಪಿನ್ ದ್ವೀಪದಲ್ಲಿ.

1341ರ ಪೆರಿಯಾರ್ ಮಹಾಪೂರದ ನಂತರ ರೂಪುಗೊಂಡದ್ದೆನ್ನುವ ಈ ದ್ವೀಪ ಸುಮಾರು 25 ಕಿ.ಮೀ. ಉದ್ದದ ಕಿರಿದಾದ ಪಟ್ಟಿ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಹಿನ್ನೀರು. ದಕ್ಷಿಣದ ಪುದುವೈಪಿನಲ್ಲಿ ದೀಪಸ್ತಂಭವಿದೆ. ಸಂದರ್ಶನದ ವೇಳೆಯನ್ನು ಮೊದಲೇ ವಿಚಾರಿಸಿ ಹೋಗುವುದು ಜಾಣತನ. ಮೆಟ್ಟಿಲು ಹತ್ತಲು ಮೊಣಕಾಲೂ ಒಪ್ಪಬೇಕಲ್ಲ!

ಉತ್ತರಕ್ಕೆ ಸಾಗುವಾಗ ಅವಸರ ಬೇಡ. ಪೊಕ್ಕಾಳಿ ಎಂಬ ಉಪ್ಪುನೀರಿನ ಗದ್ದೆಗಳನ್ನು ಇಳಿದು ನೋಡುವವರು ಕಡಿಮೆ, ಇದು ನನ್ನ ತಕರಾರು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಅಲ್ಲಿ ಭತ್ತ. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆಗೆದು ಉಬ್ಬರದ ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ. ಕೊಯ್ದ ಪೈರಿನ ಕೂಳೆ ಕೊಳೆತು ಸಿಗಡಿಗೆ ಮೇವಾಗುತ್ತದೆ.

ಇನ್ನೂ ಮುಂದೆ ಸಿಗುವ ಚೆರಾಯಿ ಬೀಚಿನಲ್ಲಿ ಕಡಲಿಗೂ ಹಿನ್ನೀರಿಗೂ ನಡುವೆ ಸಣ್ಣ ರಸ್ತೆಯಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯಬಾರದು.

ಪಳ್ಳಿಪ್ಪುರದಲ್ಲಿ 1503ರ ಪೋರ್ಚುಗೀಸರ ಆರು ಮೂಲೆಯ ಪುಟ್ಟ ಕೋಟೆಯಿದೆ. ಅದನ್ನು ನೋಡಿ ದ್ವೀಪದ ಉತ್ತರ ತುದಿಯ ಮುನಂಬಂ ತಲುಪಿದವರು ಮರಳುವಾಗ ಗೋಶ್ರೀ ಸೇತುವೆಗಳ ಮೇಲೆ ನೇರ ಎರ್ನಾಕುಲಂಗೆ ಬರಬಹುದು. ಸಂಜೆಯ ಜಂಗಲ್ ಸಾಲು ತಪ್ಪುತ್ತದೆ.